ಮೊದಲ ವರ್ಷದ ಬರವಣಿಗೆ ಕೋರ್ಸ್: ಪಾಠ ಒಂದು ಪುಟ, ನಿಯಮ ಹತ್ತು ಪುಟ. ಯಾಕೆ ಹೀಗೆ?

ಮೊದಲ ಸೆಮ್:
ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಸೈನ್ಸ್ ಓದಲು ಅಮೆರಿಕಕ್ಕೆ ಬಂದಿದ್ದೇನೆ. ಎಲ್ಲರಿಗೂ ಕಡ್ಡಾಯ ಅಂತ ಒಂದು ಬರವಣಿಗೆ ಕೋರ್ಸ್ ಹಾಕಿದ್ದಾರೆ, ಮೂರು ಕ್ರೆಡಿಟ್. ಅದರ ಸಿಲಬಸ್ ಓದಿ ತಲೆ ಕೆಟ್ಟುಹೋಯಿತು. ಏನು ಕಲಿಸುತ್ತಾರೆ ಅನ್ನುವುದು ಒಂದೇ ಪುಟ. ಉಳಿದದ್ದೆಲ್ಲ ನಿಯಮ.

ಮೂರು ಸಲ ಗೈರಾದರೆ ಪರವಾಗಿಲ್ಲ, ಆಮೇಲೆ ಪ್ರತಿ ಗೈರಿಗೂ ಗ್ರೇಡ್ ಇಳಿಯುತ್ತದಂತೆ. ಡ್ರಾಫ್ಟ್ ಕೊಡದವರ ಕೊನೆಯ ಪ್ರಬಂಧವನ್ನು ಮುಟ್ಟುವುದೇ ಇಲ್ಲವಂತೆ. ಪ್ರಬಂಧ ಟರ್ನಿಟಿನ್ ಅನ್ನುವ, ನಕಲು ಹುಡುಕುವ ಸಾಫ್ಟ್‌ವೇರ್‌ಗೆ ಹೋಗುತ್ತದೆ. ಎಐ ಬಳಸಿದ್ದರೆ ಎಲ್ಲಿ, ಯಾಕೆ ಅಂತ ಟಿಪ್ಪಣಿ ಬರೆಯಬೇಕು. ಕೋಡ್ ಬರೆಯಲು ಬಂದವನಿಗೆ ಇಷ್ಟೆಲ್ಲ ಬೇಕಾ? ಈ ಸಲ ಡ್ರಾಪ್ ಮಾಡಿ, ಮುಂದಿನ ವರ್ಷ ಸ್ವಲ್ಪ ಸಡಿಲ ಇರುವ ಪ್ರೊಫೆಸರ್ ಸಿಕ್ಕಾಗ ತಗೊಂಡರೆ ಹೇಗೆ?

ಅರ್ಧವಿರಾಮ:
ಉಳಿದದ್ದು ಆಮೇಲೆ, ಮೊದಲು ಡ್ರಾಪ್ ವಿಷಯ. ನೀವು ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿದ್ದೀರಿ ಅಂದುಕೊಳ್ಳುತ್ತೇನೆ. ಡಿಗ್ರಿ ಓದುವವರು ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಇಟ್ಟುಕೊಂಡಿರಬೇಕು. ನಿಮ್ಮದು ಒಟ್ಟು 14 ಇದೆ ಅಂದುಕೊಳ್ಳಿ, ಇದನ್ನು ಬಿಟ್ಟರೆ 11ಕ್ಕೆ ಇಳಿಯುತ್ತದೆ. ಅನುಮತಿ ಇಲ್ಲದೆ 12ಕ್ಕಿಂತ ಕೆಳಗೆ ಹೋದರೆ ವೀಸಾ ಸ್ಟೇಟಸ್‌ಗೇ ಪೆಟ್ಟು. ಡ್ರಾಪ್ ಬಟನ್ ಒತ್ತುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ. ಒತ್ತಿದ ಮೇಲೆ ಅಲ್ಲ.

ಹಂಸಪಾದ:
ಇದೇ ಕೋರ್ಸ್ ಕಲಿಸುವವಳು ನಾನು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇದು ಹಳೇ ಕೋರ್ಸ್. ಹಾರ್ವರ್ಡ್‌ನಲ್ಲಿ 1874ರಿಂದ ಪ್ರವೇಶ ಪರೀಕ್ಷೆಯಲ್ಲೇ ಇಂಗ್ಲಿಷ್ ಪ್ರಬಂಧ ಬರೆಸತೊಡಗಿದರು. 1885ರ ಹೊತ್ತಿಗೆ ಬರವಣಿಗೆಯನ್ನು ಮೊದಲ ವರ್ಷದ ಕಡ್ಡಾಯ ಪಾಠ ಮಾಡಿದರು. ಆಗಿನ ಉದ್ದೇಶ ಹೆಚ್ಚುಕಡಿಮೆ ತಪ್ಪು ತಿದ್ದುವುದೇ. 1970ರ ದಶಕದಿಂದ ಗಮನ ಬೇರೆ ಕಡೆ ತಿರುಗಿತು. ಕೈಗೆ ಬಂದ ಪ್ರಬಂಧ ಎಷ್ಟು ಶುದ್ಧವಾಗಿದೆ ಅನ್ನುವುದಕ್ಕಿಂತ, ಅದು ಆ ರೂಪಕ್ಕೆ ಹೇಗೆ ಬಂತು ಅನ್ನುವುದನ್ನು ಕಲಿಸಲು ಶುರು ಮಾಡಿದರು. ನಿಮ್ಮ ಸಿಲಬಸ್‌ನ ಅರ್ಧ ನಿಯಮಗಳು ಹುಟ್ಟಿದ್ದು ಅಲ್ಲಿಂದ.

ಡ್ರಾಫ್ಟ್ ನಿಯಮವನ್ನೇ ನೋಡಿ. 1980ರಲ್ಲಿ ನ್ಯಾನ್ಸಿ ಸಾಮರ್ಸ್ ಅನ್ನುವವರು ಮೊದಲ ವರ್ಷದ ವಿದ್ಯಾರ್ಥಿಗಳೂ ಅನುಭವಿ ಬರಹಗಾರರೂ ತಮ್ಮ ಬರಹವನ್ನು ಹೇಗೆ ತಿದ್ದುತ್ತಾರೆ ಅಂತ ಹೋಲಿಸಿದರು. ವಿದ್ಯಾರ್ಥಿಗಳು ಹೆಚ್ಚಾಗಿ ಪದ ಬದಲಿಸುತ್ತಿದ್ದರು. ಒಂದು ಪದ ಎರಡು ಸಲ ಬಂತಾ, ಇನ್ನೊಂದು ಹಾಕು. ಅನುಭವಿಗಳು ವಾದವನ್ನೇ ಕೆದಕುತ್ತಿದ್ದರು. ನಾನು ಹೇಳಲು ಹೊರಟದ್ದು ಇದೇನಾ? ಓದುವವರಿಗೆ ಎಲ್ಲಿ ಅನುಮಾನ ಬರುತ್ತದೆ? ಮೊದಲನೆಯದು ಗೋಡೆಗೆ ಬಣ್ಣ ಹೊಡೆದ ಹಾಗೆ. ಎರಡನೆಯದು ಗೋಡೆ ಕೆಡವಿ ಬೇರೆ ಕಡೆ ಕಟ್ಟಿದ ಹಾಗೆ. ನಮಗೆ ಎರಡನೆಯದು ಬೇಕು. ಡ್ರಾಫ್ಟೇ ಇಲ್ಲದೆ ನೇರವಾಗಿ ಕೊನೆಯ ಪ್ರತಿ ಕೊಟ್ಟರೆ ಅದು ನಡೆದಿದೆಯೋ ಇಲ್ಲವೋ ನನಗೆ ಕಾಣುವುದೇ ಇಲ್ಲ. ಪ್ರಬಂಧ ಎಷ್ಟೇ ಚೆನ್ನಾಗಿದ್ದರೂ ಕೋರ್ಸಿನ ಮುಖ್ಯ ಕೆಲಸ ಬಿಟ್ಟುಹೋದಂತೆ.

ಇನ್ನೊಂದು ಮಾತು. ಡ್ರಾಫ್ಟ್ ಅಂದರೆ ನೀಟಾಗಿರಬೇಕಾಗಿಲ್ಲ. ನೀಟಾದ ಡ್ರಾಫ್ಟ್ ನೋಡಿದರೆ ನನಗೆ ಸ್ವಲ್ಪ ಭಯವೇ ಆಗುತ್ತದೆ. ಅದನ್ನು ಬರೆದವರಿಗೆ ಒಂದು ಸಾಲನ್ನೂ ಕಿತ್ತುಹಾಕುವ ಮನಸ್ಸಿರುವುದಿಲ್ಲ.

ಕೊನೆಬೆಂಚು:
ಮೇಡಂ, ಡ್ರಾಫ್ಟ್ ಒಪ್ಪಿದೆ. ಹಾಜರಿ ಒಪ್ಪುವುದಿಲ್ಲ. ನಾನು ಈ ಕೋರ್ಸ್ ಮುಗಿಸಿ ಬಹಳ ವರ್ಷವಾಯಿತು. ಇನ್ನೂ ಸಿಟ್ಟಿದೆ. ಹದಿನೆಂಟು ತುಂಬಿದವರು, ಓಟು ಹಾಕುವವರು, ಫೀಸ್ ಕಟ್ಟಿದವರು. ಬರದಿದ್ದರೆ ನಷ್ಟ ನಮ್ಮದು. ಪ್ರಬಂಧ ಚೆನ್ನಾಗಿದ್ದರೆ ಎ ಕೊಡಿ, ಇಲ್ಲದಿದ್ದರೆ ಸಿ ಕೊಡಿ. ಕುರ್ಚಿಯಲ್ಲಿ ಕೂತಿದ್ದಕ್ಕೆ ಮಾರ್ಕ್ಸ್ ಯಾಕೆ?

ಹಂಸಪಾದ:
ದೊಡ್ಡ ಲೆಕ್ಚರ್ ಹಾಲ್‌ನ ಕ್ಲಾಸಾಗಿದ್ದರೆ ನಿಮ್ಮ ಮಾತಿಗೆ ತಲೆದೂಗುತ್ತಿದ್ದೆ. ಇಲ್ಲಿ ವಾರದ ಒಂದು ದಿನವಾದರೂ ಒಬ್ಬರ ಬರಹವನ್ನು ಇನ್ನೊಬ್ಬರು ಓದಿ ಮಾತಾಡುವ ಕೆಲಸ ಇರುತ್ತದೆ. ಈ ಪೀರ್ ರಿವ್ಯೂ ದಿನ ನೀವು ಬರದಿದ್ದರೆ ನಷ್ಟ ನಿಮ್ಮೊಬ್ಬರದಲ್ಲ. ನಿಮ್ಮ ಗುಂಪಿನ ಇಬ್ಬರು ತಮ್ಮ ಡ್ರಾಫ್ಟ್ ಹಿಡಿದುಕೊಂಡು ಸುಮ್ನೆ ಕೂರುತ್ತಾರೆ. ಮನೆಯಲ್ಲಿ ಓದಿ ಕಾಮೆಂಟ್ ಕಳಿಸುತ್ತೇನೆ ಅನ್ನುತ್ತಾರೆ ಕೆಲವರು. ಬರುವುದು 'ಚೆನ್ನಾಗಿದೆ, ಇನ್ನೂ ವಿವರ ಹಾಕು' ಅಂತ ಒಂದು ಸಾಲು. ಎದುರು ಕೂತಾಗ 'ಈ ಪ್ಯಾರಾ ನನಗೆ ಅರ್ಥವಾಗಲಿಲ್ಲ ಕಣೋ' ಅನ್ನುವ ಮಾತು ಬರುತ್ತದಲ್ಲ, ಅದು ಬೇಕು.

ಹಾಗಂತ ನಿಯಮ ಎಲ್ಲ ಕಡೆ ಸರಿಯಾಗಿದೆ ಅಂತಲ್ಲ. ಕಾಯಿಲೆಗೂ ಸೋಮಾರಿತನಕ್ಕೂ ಒಂದೇ ತಕ್ಕಡಿ ಹಿಡಿಯುವ ಸಿಲಬಸ್‌ಗಳಿವೆ. ಅದು ತಪ್ಪು. ಆಮೇಲೆ, ಅಂಗವೈಕಲ್ಯ ಅಥವಾ ದೀರ್ಘ ಕಾಯಿಲೆ ಇರುವವರಿಗೆ ಹೊಂದಾಣಿಕೆ ಮಾಡಿಕೊಡುವುದು ಮೇಷ್ಟ್ರ ದಯೆ ಅಲ್ಲ. 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ ಇದೆ, 1990ರ ಅಂಗವಿಕಲರ ಕಾಯ್ದೆ ಇದೆ. ಸಂಬಂಧಪಟ್ಟ ಕಚೇರಿಯಲ್ಲಿ ನೋಂದಾಯಿಸಿ ಪತ್ರ ತರಬೇಕು. ಸೆಮಿಸ್ಟರ್ ಶುರುವಿನಲ್ಲೇ ತಂದರೆ ಒಳ್ಳೆಯದು. ಸಾಮಾನ್ಯವಾಗಿ ಕಳೆದುಹೋದ ವಾರಗಳಿಗೆ ಅದು ಹಿಂದಕ್ಕೆ ಅನ್ವಯಿಸುವುದಿಲ್ಲ.

ಕೊನೆಬೆಂಚು:
ಪೀರ್ ರಿವ್ಯೂ ದಿನಕ್ಕೆ ಮಾತ್ರ ಕಡ್ಡಾಯ ಮಾಡಿ, ಉಳಿದ ದಿನ ಬಿಟ್ಟುಬಿಡಿ. ಆಗ ನಿಮ್ಮ ವಾದ ನಿಲ್ಲುತ್ತದೆ. ಈಗ ಅರ್ಧ ಮಾತ್ರ ನಿಂತಿದೆ.

ಅರ್ಧವಿರಾಮ:
ಇದು ನ್ಯಾಯವಾದ ಮಾತು ಅನ್ನಿಸುತ್ತದೆ ನನಗೂ.

ಸಮಯದ ಲೆಕ್ಕವನ್ನು ಯಾರೂ ಹೇಳಲಿಲ್ಲ, ಅಲ್ವಾ? ಇಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಕ್ಲಾಸು, ಜೊತೆಗೆ ಹೊರಗೆ ಕನಿಷ್ಠ ಎರಡು ಗಂಟೆ ಕೆಲಸ, ಸುಮಾರು 15 ವಾರ. ಮೂರು ಕ್ರೆಡಿಟ್‌ಗೆ ವಾರಕ್ಕೆ 9 ಗಂಟೆ. ಹೊಸಬರು ಇದನ್ನು ಮೂರು ಗಂಟೆಯ ಕೋರ್ಸ್ ಅಂದುಕೊಂಡು ಟೈಮ್‌ಟೇಬಲ್ ಹಾಕಿಕೊಳ್ಳುತ್ತಾರೆ. ಮೊದಲ ಪ್ರಬಂಧ ಬಂದಾಗ ಉಸಿರು ಕಟ್ಟುತ್ತದೆ.

ನಿದ್ದೆಗೆಟ್ಟವ:
ಉಸಿರು ಕಟ್ಟಿದವನು ಬಂದೆ. ಕ್ಯಾಂಪಸ್‌ನಲ್ಲೇ ವಾರಕ್ಕೆ 20 ಗಂಟೆ ಕೆಲಸ ಮಾಡುತ್ತೇನೆ, ಎಫ್-1 ವೀಸಾದವರಿಗೆ ಸೆಮಿಸ್ಟರ್ ನಡೆಯುವಾಗ ಅಷ್ಟೇ ಮಿತಿ. ನನ್ನ ಸಿಲಬಸ್‌ನಲ್ಲಿ ಒಂದು ದಿನ ತಡವಾದರೆ ಒಂದು ಮೆಟ್ಟಿಲು ಇಳಿಕೆ. ಎ ಇದ್ದದ್ದು ಎ ಮೈನಸ್. ರಾತ್ರಿ 11:59ಕ್ಕೆ ಬಾಗಿಲು ಹಾಕುತ್ತದೆ. 12:04ಕ್ಕೆ ಕೊಟ್ಟರೆ ಒಂದು ದಿನ ತಡ! ಐದು ನಿಮಿಷದಲ್ಲಿ ಪ್ರಪಂಚ ಮುಳುಗುತ್ತದಾ?

ಅರ್ಧವಿರಾಮ:
ಮುಳುಗುವುದಿಲ್ಲ. ಆದರೆ ಆ ಕಡೆಯ ಲೆಕ್ಕವನ್ನೂ ನೋಡಿ. ನಾನು ಟೀಚಿಂಗ್ ಅಸಿಸ್ಟೆಂಟ್. ಕಾಲೇಜು ಬರವಣಿಗೆ ಅಧ್ಯಾಪಕರ ದೊಡ್ಡ ಸಂಘಟನೆಯೊಂದು ಅಮೆರಿಕದಲ್ಲಿದೆ. ಒಂದು ತರಗತಿಗೆ 20ಕ್ಕಿಂತ ಜಾಸ್ತಿ ವಿದ್ಯಾರ್ಥಿಗಳು ಬೇಡ, 15 ಇದ್ದರೆ ಚೆನ್ನ, ಒಬ್ಬ ಅಧ್ಯಾಪಕರಿಗೆ ಒಂದು ಅವಧಿಯಲ್ಲಿ 60 ವಿದ್ಯಾರ್ಥಿಗಳು ಮೀರಬಾರದು ಅನ್ನುವುದು ಅವರ ಶಿಫಾರಸು. ಮಿತಿಯಲ್ಲೇ ಇದ್ದರೂ ನೋಡಿ: 60 ಡ್ರಾಫ್ಟ್, ಒಂದಕ್ಕೆ 20 ನಿಮಿಷ ಅಂದರೆ 20 ಗಂಟೆ. ಅದನ್ನು ಮುಂದಿನ ಕ್ಲಾಸಿಗೆ ಮೊದಲು ವಾಪಸ್ ಕೊಡಬೇಕು, ಇಲ್ಲದಿದ್ದರೆ ಆ ಕಾಮೆಂಟ್ ನಿಮಗೆ ಉಪಯೋಗಕ್ಕೇ ಬರುವುದಿಲ್ಲ. ತಡವಾಗಿ ಬಂದ ಡ್ರಾಫ್ಟ್ ಆ ಸರದಿಯಿಂದ ಆಚೆ ಬೀಳುತ್ತದೆ.

ಐದು ನಿಮಿಷಕ್ಕೆ ಗ್ರೇಡ್ ಕಡಿಯುವುದು ಬಹುತೇಕ ಸಾಫ್ಟ್‌ವೇರ್ ಸೆಟ್ಟಿಂಗ್. ಮೇಲ್ ಮಾಡಿದರೆ ಎಷ್ಟೋ ಜನ ತೆಗೆದುಹಾಕುತ್ತಾರೆ. ಕೇಳಿ ನೋಡಿ.

ನಿದ್ದೆಗೆಟ್ಟವ:
ಕೇಳುವುದೇ ಬರುವುದಿಲ್ಲ ಸರ್. ಮೇಲ್‌ನಲ್ಲಿ ಅಜ್ಜಿ ತೀರಿಕೊಂಡರು ಅಂತ ಬರೆದರೆ ನಂಬುತ್ತಾರಾ?

ಹಂಸಪಾದ:
ಪಾಪ, ಅಜ್ಜಿಯನ್ನು ಯಾಕೆ ಸಾಯಿಸುತ್ತೀರಿ? ಇದ್ದದ್ದನ್ನು ಬರೆಯಿರಿ. ಗಡುವಿಗೆ ಮೊದಲೇ ಬರೆಯಿರಿ, ಅದೇ ದೊಡ್ಡ ವ್ಯತ್ಯಾಸ. ನನಗೆ ಇಷ್ಟವಾಗುವ ಮೇಲ್ ಹೀಗಿರುತ್ತದೆ:

'ಪ್ರೊಫೆಸರ್, ನಾನು ಮಂಗಳವಾರ–ಗುರುವಾರದ ತರಗತಿಯ ವಿದ್ಯಾರ್ಥಿ. ಎರಡನೇ ಪ್ರಬಂಧದ ಡ್ರಾಫ್ಟ್ ಶುಕ್ರವಾರ ಕೊಡಬೇಕು. ಈ ವಾರ ಎರಡು ಮಿಡ್‌ಟರ್ಮ್ ಒಟ್ಟಿಗೆ ಬಂದಿವೆ. ಈಗ ಎರಡು ಪುಟ ಆಗಿದೆ, ಜೊತೆಗೆ ಕಳಿಸುತ್ತಿದ್ದೇನೆ. ಭಾನುವಾರ ರಾತ್ರಿಯೊಳಗೆ ಪೂರ್ತಿ ಕೊಟ್ಟರೆ ಆಗುತ್ತದೆಯೇ? ಆಗದಿದ್ದರೆ ಶುಕ್ರವಾರ ಎಷ್ಟಾಗಿದೆಯೋ ಅಷ್ಟನ್ನೇ ಕೊಡುತ್ತೇನೆ.'

ಯಾವ ತರಗತಿ, ಯಾವ ಪ್ರಬಂಧ, ಎಷ್ಟಾಗಿದೆ, ಯಾವ ದಿನ ಬೇಕು. ಇಷ್ಟು ಇದ್ದರೆ ಒಂದು ಸಾಲಿನಲ್ಲಿ 'ಸರಿ' ಅಂತ ಉತ್ತರಿಸಬಹುದು. 'ನನಗೆ ತುಂಬ ಕಷ್ಟ ಇದೆ, ಏನು ಮಾಡಲಿ' ಅಂತ ಬಂದರೆ ನಾಲ್ಕು ಮೇಲ್ ಓಡಾಡಬೇಕು.

ಕೆಲವು ಸಿಲಬಸ್‌ಗಳಲ್ಲಿ ಗ್ರೇಸ್ ದಿನಗಳು ಇರುತ್ತವೆ, ಕಾರಣ ಹೇಳದೆ ಬಳಸಬಹುದು. ಅವನ್ನು ಮೊದಲ ಪ್ರಬಂಧಕ್ಕೇ ಖಾಲಿ ಮಾಡಿಕೊಳ್ಳಬೇಡಿ. ಕೊನೆಯದು ಯಾವಾಗಲೂ ಜಾಸ್ತಿ ಸತಾಯಿಸುತ್ತದೆ.

ಮಗಳಮ್ಮ:
ನಾನು ಓದುವವಳಲ್ಲ, ಓದುವವಳ ತಾಯಿ. ಮಗಳಿಗೆ ಈ ಕೋರ್ಸಿನಲ್ಲಿ ಏನೋ ತೊಂದರೆ ಅಂತ ಗೊತ್ತಾಗಿ ಅವಳ ಟೀಚರ್‌ಗೆ ಮೇಲ್ ಮಾಡಿದೆ. 'ನಾನು ಏನೂ ಹೇಳುವ ಹಾಗಿಲ್ಲ' ಅಂತ ಎರಡು ಸಾಲು ಬರೆದರು. ತಾಯಿಗೆ ಹೇಳದೆ ಇನ್ಯಾರಿಗೆ ಹೇಳುತ್ತಾರೆ?

ಹಂಸಪಾದ:
ಅಮ್ಮಾ, ಅವರು ಒರಟಾಗಿ ನಡೆದುಕೊಂಡದ್ದಲ್ಲ. ಇಲ್ಲಿ 1974ರ ಕಾನೂನೊಂದಿದೆ, ಫರ್ಪಾ ಅನ್ನುತ್ತಾರೆ. ಮಕ್ಕಳು ಕಾಲೇಜಿಗೆ ಕಾಲಿಟ್ಟ ಮೇಲೆ ಗ್ರೇಡ್, ಹಾಜರಿ ಮುಂತಾದ ದಾಖಲೆಗಳ ಮೇಲಿನ ಹಕ್ಕು ಅವರದೇ ಆಗುತ್ತದೆ. ಮಗಳು ಬರೆದು ಒಪ್ಪಿಗೆ ಕೊಟ್ಟರೆ ಹೇಳಬಹುದು. ಆದರೂ ನೀವು ಟೀಚರ್‌ಗೆ ಬರೆಯುವ ಬದಲು, ಅವಳೇ ಆಫೀಸ್ ಅವರ್ಸ್‌ಗೆ, ಅಂದರೆ ವಿದ್ಯಾರ್ಥಿಗಳನ್ನು ಕಾಣಲು ಟೀಚರ್ ಎತ್ತಿಟ್ಟ ಸಮಯಕ್ಕೆ, ಹೋಗಿ ಮಾತಾಡುವಂತೆ ಹೇಳಿ. ಆ ಗಂಟೆಗಳಲ್ಲಿ ಎಷ್ಟೋ ದಿನ ಬಾಗಿಲು ತೆರೆದಿಟ್ಟುಕೊಂಡು ಒಬ್ಬಳೇ ಕೂತಿರುತ್ತೇನೆ.

ಮಗಳಮ್ಮ:
ಹೋಗಲು ಸಂಕೋಚ ಅವಳಿಗೆ. ಬೈಸಿಕೊಳ್ಳಲು ಕರೆಯುತ್ತಾರೆ ಅಂದುಕೊಂಡಿದ್ದಾಳೆ. ಹೇಳಿ ನೋಡುತ್ತೇನಮ್ಮ.

ಪುಟಸಂಖ್ಯೆ:
ಲೈಬ್ರರಿಯಲ್ಲಿ ಕೆಲಸ ಮಾಡುವವಳು ನಾನು. ಈ ಎಳೆಯಲ್ಲಿ ಕೃತಿಚೌರ್ಯದ ಮಾತು ಇನ್ನೂ ಬಂದಿಲ್ಲ. ಸಿಲಬಸ್‌ನಲ್ಲಿ ಅತಿ ಭಾರದ ನಿಯಮ ಅದೇ. ಗೈರಿಗೆ ಗ್ರೇಡ್ ಇಳಿಯುತ್ತದೆ, ಇದಕ್ಕೆ ಕಾಲೇಜಿನ ಸಮಿತಿ ಮುಂದೆ ನಿಲ್ಲಬೇಕಾಗಬಹುದು.

ಇಡೀ ಪ್ರಬಂಧ ಕದಿಯುವವರು ಕಡಿಮೆ. ಹೊಸಬರು ಸಿಕ್ಕಿಬೀಳುವುದು ಬೇರೆ ಜಾಗದಲ್ಲಿ. ಮೂಲದ ವಾಕ್ಯವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪದ ಬದಲಿಸುತ್ತಾ ಹೋಗುತ್ತಾರೆ. ಮೂಲ ಹೀಗಿದೆ ಅಂದುಕೊಳ್ಳಿ:

'ರಾತ್ರಿ ನಿದ್ದೆ ಕಡಿಮೆಯಾದಾಗ ಮರುದಿನ ಗಮನ ಕೊಡುವ ಶಕ್ತಿ ಕುಗ್ಗುತ್ತದೆ. ಹೊಸ ವಿಷಯ ನೆನಪಿನಲ್ಲಿ ಉಳಿಯುವುದೂ ಕಷ್ಟವಾಗುತ್ತದೆ.'

ವಿದ್ಯಾರ್ಥಿ ಬರೆಯುವುದು: 'ರಾತ್ರಿ ನಿದ್ರೆ ಸಾಲದಿದ್ದಾಗ ಮಾರನೇ ದಿನ ಏಕಾಗ್ರತೆಯ ಸಾಮರ್ಥ್ಯ ತಗ್ಗುತ್ತದೆ, ಹೊಸ ಸಂಗತಿ ಜ್ಞಾಪಕದಲ್ಲಿ ನಿಲ್ಲುವುದೂ ಕಠಿಣವಾಗುತ್ತದೆ.'

ಪದಗಳು ಬೇರೆ, ಅಸ್ಥಿಪಂಜರ ಅದೇ. ಕೆಳಗೆ ಆಕರ ಕೊಟ್ಟರೂ ಇದು ಸರಿಯಾಗುವುದಿಲ್ಲ. ಇದು ಮೋಸ ಅನ್ನುವುದಕ್ಕಿಂತ, ಓದಿದ್ದು ಇನ್ನೂ ಅರಗಿಲ್ಲ ಅನ್ನುವುದರ ಗುರುತು ಅಂತ ಈ ವಿಷಯದ ಮೇಲೆ ಕೆಲಸ ಮಾಡಿದ ರೆಬೆಕಾ ಹೊವಾರ್ಡ್ 1990ರ ದಶಕದಿಂದ ವಾದಿಸುತ್ತಾ ಬಂದಿದ್ದಾರೆ. ನಾನೂ ಅದನ್ನೇ ಒಪ್ಪುತ್ತೇನೆ. ಆದರೆ ಎಲ್ಲ ಸಿಲಬಸ್‌ಗಳೂ ಒಪ್ಪುವುದಿಲ್ಲ, ಎಚ್ಚರ.

ಮೊದಲ ಸೆಮ್ ಅವರೇ, ಮೂಲವನ್ನು ಮುಚ್ಚಿಟ್ಟು ನೀವೇ ಬರೆದು ನೋಡಿ.

ಮೊದಲ ಸೆಮ್:
ಸರಿ, ಪ್ರಯತ್ನ: 'ಲೇಖಕರ ಪ್ರಕಾರ, ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಿದ್ದು ಓದುವವರು ಫೇಲಾಗುವುದಕ್ಕೆ ನಿದ್ದೆಗೇಡೇ ಕಾರಣ.'

ಅರ್ಧವಿರಾಮ:
ವಾಕ್ಯ ನಿಮ್ಮದೇ, ಸಂಶಯ ಇಲ್ಲ. ಆದರೆ ಲೇಖಕರು ಪರೀಕ್ಷೆಯ ಮಾತು ಎಲ್ಲಿ ಎತ್ತಿದರು? ಫೇಲಾಗುವ ಮಾತು ಎಲ್ಲಿದೆ? ಅವರ ಬಾಯಿಗೆ ನಿಮ್ಮ ಮಾತು ತುರುಕಿದಿರಿ.

ಪುಟಸಂಖ್ಯೆ:
ಅದನ್ನು ಎರಡು ವಾಕ್ಯ ಮಾಡಿ. 'ನಿದ್ದೆಗೆಟ್ಟರೆ ಗಮನಕ್ಕೂ ನೆನಪಿಗೂ ಪೆಟ್ಟು ಬೀಳುತ್ತದೆ ಎನ್ನುತ್ತಾರೆ ಲೇಖಕರು. ಹಾಗಿದ್ದರೆ ಪರೀಕ್ಷೆಯ ಹಿಂದಿನ ರಾತ್ರಿಯಿಡೀ ಓದುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚಿರಬಹುದು.' ಮೊದಲನೆಯದು ಅವರದು, ಎರಡನೆಯದು ನಿಮ್ಮದು. ಎಲ್ಲಿ ಅವರು ನಿಂತರು, ಎಲ್ಲಿ ನೀವು ಶುರುವಾದಿರಿ ಅನ್ನುವುದು ಓದುಗರಿಗೆ ಕಾಣಬೇಕು. ಆಕರ ಬರೆಯುವ ಎಂಎಲ್ಎ, ಎಪಿಎ ಶೈಲಿಗಳ ಚುಕ್ಕಿ, ಅಲ್ಪವಿರಾಮಗಳೆಲ್ಲ ಇದಾದ ಮೇಲಿನ ಮಾತು. ಎಂಎಲ್ಎ 2021ರಲ್ಲಿ ಒಂಬತ್ತನೇ ಆವೃತ್ತಿಗೆ ಬಂತು, ಎಪಿಎ 2019ರಲ್ಲಿ ಏಳನೆಯದಕ್ಕೆ. ಹಳೇ ಆವೃತ್ತಿ ನೋಡಿ ಬರೆದರೆ ಸಣ್ಣಪುಟ್ಟ ತಪ್ಪಾಗುತ್ತದೆ ಅಷ್ಟೆ, ಯಾರೂ ಸಮಿತಿಗೆ ಕಳಿಸುವುದಿಲ್ಲ.

ಒಂದು ಕೋರ್ಸಿಗೆ ಬರೆದದ್ದನ್ನೇ ಇನ್ನೊಂದಕ್ಕೂ ಕೊಡುವುದು ಕೂಡ ಹೆಚ್ಚಿನ ಕಡೆ ನಿಷಿದ್ಧ. ನಿಮ್ಮದೇ ಬರಹ ಆದರೂ ಸರಿ. ಇಬ್ಬರೂ ಅಧ್ಯಾಪಕರನ್ನು ಕೇಳಿಯೇ ಕೊಡಿ.

ಮೊದಲ ಸೆಮ್:
ಟರ್ನಿಟಿನ್‌ನಲ್ಲಿ ಎಷ್ಟು ಶೇಕಡಾ ಬಂದರೆ ಕಳ್ಳ ಅಂತ ಲೆಕ್ಕ?

ಪುಟಸಂಖ್ಯೆ:
ಹಾಗೆ ಅಂಕಿ ಇಲ್ಲ. ಅದು ಹೇಳುವುದು ಎಷ್ಟು ಭಾಗ ಬೇರೆ ಕಡೆಯ ಪಠ್ಯಕ್ಕೆ ಹೊಂದುತ್ತದೆ ಅನ್ನುವುದನ್ನು ಮಾತ್ರ. ಉದ್ಧರಣ ಚಿಹ್ನೆಯೊಳಗೆ ಸರಿಯಾಗಿ ಕೊಟ್ಟ ಮಾತೂ, ಕೊನೆಯ ಆಕರ ಪಟ್ಟಿಯೂ ಹೊಂದಿಕೆಯಲ್ಲಿ ಸೇರಬಹುದು. 25 ಬಂದವರು ನಿರಪರಾಧಿ, 6 ಬಂದವರು ಒಂದಿಡೀ ಪ್ಯಾರಾ ಎತ್ತಿದವರು, ಹೀಗೂ ಇರುತ್ತದೆ. ಯಾರಾದರೂ ತೆರೆದು ಓದಲೇಬೇಕು.

ಕೊನೆಬೆಂಚು:
ಎಐ ವಿಷಯ ಯಾರೂ ಮುಟ್ಟುತ್ತಿಲ್ಲ. ಅದನ್ನು ಹಿಡಿಯುವ ಯಂತ್ರಗಳ ಕಥೆ ಹೇಳಿ. ನನಗೆ ನಂಬಿಕೆ ಇಲ್ಲ.

ಹಂಸಪಾದ:
ನನಗೂ ಇಲ್ಲ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಅದನ್ನು ಮಾಡಿದ ಓಪನ್ಎಐ ಕಂಪನಿಯೇ 2023ರ ಜನವರಿಯಲ್ಲಿ ಎಐ ಬರಹ ಗುರುತಿಸುವ ಸಾಧನ ಬಿಟ್ಟಿತು. ನಿಖರತೆ ಸಾಲದು ಅಂತ ಜುಲೈಯಲ್ಲಿ ತಾನೇ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಕೊಟ್ಟಾಗ, ಸರಾಸರಿ ಶೇ 61ರಷ್ಟನ್ನು ಅವು ಯಂತ್ರದ ಬರಹ ಅಂದವು. ಎಲ್ಲವೂ ಮನುಷ್ಯರು ಬರೆದದ್ದೇ. ಸರಳ ಪದ, ಊಹಿಸಬಹುದಾದ ವಾಕ್ಯ ಕಂಡರೆ ಆ ಸಾಧನಗಳಿಗೆ ಅನುಮಾನ. ಎರಡನೇ ಭಾಷೆಯಲ್ಲಿ ಬರೆಯುವವರು ಬರೆಯುವುದೇ ಹಾಗೆ. ನಮ್ಮಂಥವರಿಗೆ ಇದು ದೂರದ ಸುದ್ದಿಯಲ್ಲ.

ಅದಕ್ಕೇ ನಾನು ಅಂಕಿ ನೋಡಿ ಯಾರ ಮೇಲೂ ಆರೋಪ ಹೊರಿಸುವುದಿಲ್ಲ. ಕರೆಸಿ ಮಾತಾಡುತ್ತೇನೆ. ಈ ಉದಾಹರಣೆ ಯಾಕೆ ಆರಿಸಿದಿರಿ, ಹೋದ ಡ್ರಾಫ್ಟ್‌ನಲ್ಲಿದ್ದ ವಾದ ಎಲ್ಲಿ ಹೋಯಿತು ಅಂತ ಕೇಳುತ್ತೇನೆ. ತಾನೇ ಬರೆದವರು ಉತ್ತರ ಹೇಳುತ್ತಾರೆ, ಕೆಲವೊಮ್ಮೆ ಸಿಟ್ಟಿನಿಂದಲೇ ಹೇಳುತ್ತಾರೆ.

ನೀವು ಮಾಡಬೇಕಾದದ್ದು: ವರ್ಷನ್ ಹಿಸ್ಟರಿ, ಅಂದರೆ ಯಾವಾಗ ಏನು ಬದಲಿಸಿದಿರಿ ಅನ್ನುವ ದಾಖಲೆ, ಉಳಿಯುವ ಕಡೆ ಬರೆಯಿರಿ. ಗೂಗಲ್ ಡಾಕ್ಸ್ ಆದರೂ ಸರಿ, ವರ್ಡ್‌ನಲ್ಲಿ ಒನ್‌ಡ್ರೈವ್‌ಗೆ ಉಳಿಸಿದರೂ ಸರಿ. ಬೇರೆಲ್ಲೋ ಬರೆದು ಕೊನೆಯಲ್ಲಿ ಒಟ್ಟಿಗೇ ಪೇಸ್ಟ್ ಮಾಡಬೇಡಿ. ಕೈಬರಹದ ಟಿಪ್ಪಣಿ ಇದ್ದರೆ ಬಿಸಾಡಬೇಡಿ.

ಮೊದಲ ಸೆಮ್:
ವ್ಯಾಕರಣ ತಿದ್ದುವ ಆ್ಯಪ್ ಕೂಡ ಎಐ ಲೆಕ್ಕಕ್ಕೆ ಬರುತ್ತದಾ? ಕನ್ನಡದಲ್ಲಿ ಯೋಚಿಸಿ ಬರೆದು ಅನುವಾದಕ್ಕೆ ಹಾಕಿದರೆ?

ಹಂಸಪಾದ:
ಒಬ್ಬೊಬ್ಬರದು ಒಂದೊಂದು ನಿಯಮ. ಕೆಲವರಿಗೆ ಪೂರ್ತಿ ನಿಷೇಧ. ಕೆಲವರಿಗೆ ವಿಷಯ ಹುಡುಕುವ ಹಂತದಲ್ಲಿ ಸರಿ, ವಾಕ್ಯ ಬರೆಯುವಾಗ ಬೇಡ. ನಿಮ್ಮ ಪ್ರೊಫೆಸರ್ ಟಿಪ್ಪಣಿ ಕೇಳಿದ್ದಾರೆ ಅಂದರೆ ಹೇಳಿ ಬಳಸಿದರೆ ತಪ್ಪಿಲ್ಲ ಅನ್ನುವ ಗುಂಪಿನವರು ಅನ್ನಿಸುತ್ತದೆ. ಕಾಗುಣಿತ ತಿದ್ದುವುದು ಒಂದು, ಇಡೀ ವಾಕ್ಯವನ್ನು ಹೊಸದಾಗಿ ಬರೆದುಕೊಡುವ ಬಟನ್ ಇನ್ನೊಂದು. ಎರಡೂ ಈಗ ಒಂದೇ ಆ್ಯಪ್‌ನಲ್ಲಿವೆ. ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಪೂರ್ತಿ ಪ್ರಬಂಧವನ್ನು ಯಂತ್ರದಿಂದ ಅನುವಾದಿಸಿ ಕೊಡುವುದಾದರೆ ಮೊದಲು ಕೇಳಿ, ಉತ್ತರ ಮೇಲ್‌ನಲ್ಲಿ ಇರಲಿ.

ನಿದ್ದೆಗೆಟ್ಟವ:
ರೈಟಿಂಗ್ ಸೆಂಟರ್‌ಗೆ ಹೋದರೆ ತಪ್ಪೆಲ್ಲ ತಿದ್ದಿಕೊಡುತ್ತಾರಾ?

ಅರ್ಧವಿರಾಮ:
ಪೇಪರ್ ಕೊಟ್ಟು ಸಂಜೆ ವಾಪಸ್ ತಗೊಳ್ಳುವ ಜಾಗ ಅಲ್ಲ ಅದು. ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮಿಂದಲೇ ಜೋರಾಗಿ ಓದಿಸುತ್ತಾರೆ. ಮೊದಮೊದಲು ಮುಜುಗರ. ಆಮೇಲೆ ಓದುತ್ತಾ ಓದುತ್ತಾ ನೀವೇ ನಿಲ್ಲಿಸಿ 'ಇದು ಸರಿ ಇಲ್ಲ' ಅನ್ನುತ್ತೀರಿ. ಫೀಸಿನಲ್ಲೇ ಸೇರಿರುತ್ತದೆ ಸಾಮಾನ್ಯವಾಗಿ. ಗಡುವಿನ ಹಿಂದಿನ ದಿನ ಮಾತ್ರ ಸ್ಲಾಟ್ ಸಿಗುವುದಿಲ್ಲ.

ಕೊನೆಬೆಂಚು:
ಕೊನೆಯದಾಗಿ ಒಂದು ಕೆಣಕು. ಈಗ ಕೆಲವು ಕಡೆ ಕಾಂಟ್ರಾಕ್ಟ್ ಗ್ರೇಡಿಂಗ್ ಬಂದಿದೆಯಂತೆ. ಹೇಳಿದ ಕೆಲಸವೆಲ್ಲ ಮಾಡಿದರೆ ಬಿ ಗ್ಯಾರಂಟಿ, ಜಾಸ್ತಿ ಮಾಡಿದರೆ ಎ. ಗುಣಮಟ್ಟಕ್ಕೆ ಮಾರ್ಕ್ಸೇ ಇಲ್ಲ. ಇದಕ್ಕೆ ಏನನ್ನುತ್ತೀರಿ?

ಹಂಸಪಾದ:
ಒಳ್ಳೆ ಇಂಗ್ಲಿಷ್ ಮನೆಯಿಂದಲೇ ತಂದವರಿಗೂ ಈಗ ಕಲಿಯುತ್ತಿರುವವರಿಗೂ ಒಂದೇ ಅಳತೆಗೋಲು ಹಿಡಿಯುವುದು ಅನ್ಯಾಯ ಅನ್ನುವುದು ಅದರ ಹಿಂದಿನ ವಾದ. ಆ ವಾದದಲ್ಲಿ ತೂಕ ಇದೆ. ಗ್ರೇಡ್ ಭಯ ಹೋದಾಗ ಹುಡುಗರು ಧೈರ್ಯವಾಗಿ ಬರೆಯುವುದನ್ನು ನೋಡಿದ್ದೇನೆ. ಆದರೆ ಅಲ್ಲಿ ಗಂಟೆಗಳ ಲೆಕ್ಕವೇ ದೊಡ್ಡದಾಗುತ್ತದೆ. ನಿದ್ದೆಗೆಟ್ಟವರಂತೆ ದುಡಿಯುತ್ತಾ ಓದುವವರಿಗೆ 'ಜಾಸ್ತಿ ಕೆಲಸ ಮಾಡಿದರೆ ಎ' ಅನ್ನುವುದು ನ್ಯಾಯವೇ? ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಕೊನೆಬೆಂಚು:
ಅಂತೂ ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ ಕಡೆ. ಹಾಜರಿ ಮಾತ್ರ ನಾನು ಬಿಡುವುದಿಲ್ಲ.

ಮೊದಲ ಸೆಮ್:
ಎಲ್ಲರಿಗೂ ಥ್ಯಾಂಕ್ಸ್. ಡ್ರಾಪ್ ಮಾಡುವುದಿಲ್ಲ, ನನ್ನದು 13 ಕ್ರೆಡಿಟ್ಟೇ ಇರುವುದು. ಒಂದೇ ಅನುಮಾನ ಉಳಿದಿದೆ. ಮೊದಲ ಡ್ರಾಫ್ಟ್ ಕೊಟ್ಟ ಮೇಲೆ ಈ ವಿಷಯವೇ ಬೇಡ ಅನ್ನಿಸಿದರೆ ಬದಲಿಸಬಹುದಾ?

ಹಂಸಪಾದ:
ಹೆಚ್ಚಿನವರು ಬಿಡುತ್ತಾರೆ. ಆದರೆ ಹೊಸ ವಿಷಯಕ್ಕೆ ಹೊಸ ಡ್ರಾಫ್ಟ್ ಕೇಳುತ್ತಾರೆ, ಗಡುವು ಮುಂದಕ್ಕೆ ಹೋಗುವುದಿಲ್ಲ. ಪೀರ್ ರಿವ್ಯೂಗೆ ಮೊದಲೇ ಬದಲಿಸಿದರೆ ಕಷ್ಟ ಕಡಿಮೆ. ಆಫೀಸ್ ಅವರ್ಸ್‌ಗೆ ಹೋಗುವಾಗ ಹಳೇ ಡ್ರಾಫ್ಟನ್ನೂ ತಗೊಂಡು ಹೋಗಿ. ಬೇಡ ಅನ್ನಿಸಿದ್ದು ಇಡೀ ವಿಷಯವೋ, ಬರೀ ಮೊದಲ ಎರಡು ಪುಟವೋ, ಮೊದಲು ಅದನ್ನು ನೋಡಿ.